ಜಡೆಯಿಲ್ಲದ ಹದಿಮೂರು ವಾರ

"ಆ ಜಡೆ ಬೋಳಿಸಿ, ಗಾಂಜಾ ಹೊಗೆ ಕಳೆಯಿರಿ. ಆಮೇಲೆ ಬಾಬ್ ಮಾರ್ಲಿಯನ್ನು ಯಾರು ಕೇಳುತ್ತಾರೆ?" ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನ ಬೇಸ್‌ಮೆಂಟುಗಳಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಮ್ಮ ಪಂಡಿತರು ಆಡುವ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಮಾರ್ಲಿ ನಂಬಿದ ರಾಸ್ತಾ ಧರ್ಮ ಎಂದರೆ ಅಂಗಡಿ ಮುಂದಿನ ಬೋರ್ಡು, ಒಳಗೆ ಸರಕಿಲ್ಲ ಎಂದು ತೀರ್ಪು ಕೊಟ್ಟು, ಇನ್ನೊಂದು ಹಪ್ಪಳ ಹಾಕಿಸಿಕೊಳ್ಳುತ್ತಾರೆ.

ಸ್ವಾಮಿ, ವೇಷಕ್ಕೇ ಹೆಸರು ಬರುವುದಾದರೆ ಲೆಕ್ಕ ಹೀಗೇಕಿದೆ? 1993ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯ ತುದಿಯಲ್ಲಿ ಏಳು ವಾರ ಕೂತಿದ್ದು ಮಾರ್ಲಿಯದೇ ರೆಗೆ ಧಾಟಿಯ 'ಇನ್‌ಫಾರ್ಮರ್'. ಹಾಡಿದವನು ಟೊರಾಂಟೊದ ನಾರ್ತ್ ಯಾರ್ಕಿನ ಅಲೆನ್‌ಬರಿ ಗಾರ್ಡನ್ಸ್‌ನ ಸರ್ಕಾರಿ ವಸತಿಯಲ್ಲಿ, ಜಮೈಕಾದ ನೆರೆಹೊರೆಯವರ ಮಾತು ಕೇಳುತ್ತ ಬೆಳೆದ ಬಿಳಿ ಹುಡುಗ ಡ್ಯಾರಿನ್ ಓಬ್ರಿಯನ್, ಉರುಫ್ ಸ್ನೋ. ತಲೆಯ ಮೇಲೆ ಒಂದೆಳೆ ಜಡೆಯಿಲ್ಲ. 2014ರಲ್ಲಿ ಟೊರಾಂಟೊದ್ದೇ ಮ್ಯಾಜಿಕ್ ಬ್ಯಾಂಡಿನ, ಅದೇ ಧಾಟಿಯ 'ರೂಡ್' ಅದೇ ಜಾಗದಲ್ಲಿ ಆರು ವಾರ. ಅದರ ಗಾಯಕನಿಗೂ ಜಡೆಯಿಲ್ಲ. ಏಳೂ ಆರೂ ಹದಿಮೂರು.

ಮಾರ್ಲಿ? ಬದುಕಿದ್ದಷ್ಟು ದಿನವೂ ಆ ಪಟ್ಟಿಯಲ್ಲಿ ಅವರ ಹಾಡು ಏರಿದ್ದು 51ನೇ ಮೆಟ್ಟಿಲಿಗೆ, ಅದೂ ಒಂದೇ ಸಲ, 1976ರಲ್ಲಿ. ಜಗತ್ತಿನ ಅತಿ ಪ್ರಸಿದ್ಧ ಜಡೆಗೆ ಐವತ್ತೊಂದು, ನಮ್ಮೂರಿನ ಕ್ರಾಪಿಗೆ ಒಂದು! ಆಲ್ಬಮ್ಮುಗಳ ಲೆಕ್ಕವೇ ಬೇರೆ ಎನ್ನುವವರು ಎನ್ನಲಿ. ನಾನಂತೂ ಈ ಹದಿಮೂರು ವಾರವನ್ನು ಕೈಬಿಡುವವನಲ್ಲ.

ಸ್ನೋಗೆ ನಾಲಿಗೆ ಇರಲಿಲ್ಲ ಎನ್ನುತ್ತಿಲ್ಲ. ಇತ್ತು, ಭರ್ಜರಿಯಾಗಿಯೇ ಇತ್ತು. 1994ರಲ್ಲಿ ಕೆನಡಾದ ಜೂನೋ ಸಂಗೀತ ಪ್ರಶಸ್ತಿಯೂ ಅವನಿಗೇ ಬಂತು. ಆದರೆ 'ಇದು ಕಂಠವೋ ಕೂದಲೋ' ಎಂಬ ತಕ್ಕಡಿ ಕರಿಯ ಗಾಯಕನ ಮುಂದೆ ಮಾತ್ರ ಏಕೆ ಹೊರಗೆ ಬರುತ್ತದೆ?

ಇನ್ನು ಆ ಕೂದಲನ್ನು ಇವರು ಫ್ಯಾಷನ್ ಎಂದುಕೊಂಡಿದ್ದಾರಲ್ಲ, ಅದರ ಬೆಲೆ ಗೊತ್ತೇ? 1963ರ ಏಪ್ರಿಲ್‌ನಲ್ಲಿ, ಜಮೈಕಾದ ಕೋರಲ್ ಗಾರ್ಡನ್ಸ್ ಗಲಭೆಯ ನಂತರ, ಪೊಲೀಸರು ಸಿಕ್ಕ ಸಿಕ್ಕ ರಾಸ್ತಾಗಳನ್ನು ಹಿಡಿದು ಬಡಿದರು, ಜೈಲಿಗೆ ತಳ್ಳಿದರು, ಜಡೆ ಕತ್ತರಿಸಿದರು. ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ಐವತ್ತನಾಲ್ಕು ವರ್ಷ! ಜೈಲು ಸೇರಿಸುವ 'ಇಮೇಜ್' ಯಾವ ಜಾಹೀರಾತು ಕಂಪನಿ ಮಾರುತ್ತದೆ, ಹೇಳಿ.

ಗಾಂಜಾ ಎಂದರೆ ಮೂಗು ಮುರಿಯುವವರೇ, ಆ ಪದವೇ ನಮ್ಮ ಕಡೆಯದು. 1845ರಿಂದ ಕಬ್ಬಿನ ಗದ್ದೆಗೆಂದು ಹಡಗು ಹತ್ತಿಸಿದ ಭಾರತದ ಕೂಲಿಗಳ ಜೊತೆ ಜಮೈಕಾಕ್ಕೆ ಹೋದದ್ದು. ನಮ್ಮ ಶಿಶುನಾಳ ಶರೀಫರು ಗುಡುಗುಡಿ ಸೇದುವುದನ್ನೇ ಹಾಡಾಗಿಸಿದರೆ ಅದು ಅನುಭಾವ. ಅದೇ ಹಾಡನ್ನು ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡಿದರೆ ಸಂಸ್ಕೃತಿ, ಶಿಳ್ಳೆ, ಸೆಲ್ಫಿ. ನನಗೂ ಅವರ ಹಾಡು ಇಷ್ಟವೇ. ತಂಬೂರಿ ಮೀಟುವ ದಾಸರ ಗೆಜ್ಜೆ ಭಕ್ತಿ, ಮಠದಲ್ಲಿ ಕೂತ ಜಟೆ ವೈರಾಗ್ಯ, ಕಿಂಗ್‌ಸ್ಟನ್ನಿನ ಜಟೆ ಮಾತ್ರ ಗಿಮಿಕ್! ಇದು ಸಂಗೀತ ವಿಮರ್ಶೆಯಲ್ಲ, ಚರ್ಮದ ಬಣ್ಣದ ವಿಮರ್ಶೆ. ಟೊರಾಂಟೊದ ಕೆರಿಬಿಯನ್ ಉತ್ಸವ ಕೆರಿಬಾನಾದಲ್ಲಿ ಗರಿ ಕಟ್ಟಿಕೊಂಡವರ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುವ ನಾವೇ, ಮಗಳು ಜಮೈಕಾದ ಹುಡುಗನನ್ನು ಮನೆಗೆ ಕರೆತಂದರೆ ಎದೆ ಹಿಡಿದುಕೊಳ್ಳುತ್ತೇವೆ. ಇರಲಿ, ಆ ಪುರಾಣ ಬಿಚ್ಚಿದರೆ ಈ ಪುಟ ಸಾಲದು.

ಪ್ರತಿಭೆಯ ಮಾತು ತಾನೇ? ಹಾಗಾದರೆ ಜ್ಯಾಕಿ ಮಿಟ್ಟೂ ಯಾರೆಂದು ಹೇಳಿ. ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ನಲ್ಲಿ ಕೀಬೋರ್ಡ್ ನುಡಿಸಿ, ರೆಗೆಯ ಅರ್ಧ ಅಡಿಪಾಯ ಹಾಕಿ, ಟೊರಾಂಟೊಗೆ ಬಂದು ನೆಲೆಸಿದ ಮನುಷ್ಯ. ಅವರ 'ಫುಲ್ ಅಪ್' ಲಯವನ್ನೇ ತಳಕ್ಕಿಟ್ಟುಕೊಂಡು 'ಪಾಸ್ ದ ಡಚೀ' 1982ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಮಿಟ್ಟೂ 1990ರಲ್ಲಿ ಇದೇ ಊರಲ್ಲಿ ತೀರಿಕೊಂಡರು, ನಲವತ್ತೆರಡನೇ ವಯಸ್ಸಿಗೆ. ನಮ್ಮ ಪಂಡಿತರಲ್ಲಿ ಒಬ್ಬರೂ ಆ ಹೆಸರು ಕೇಳಿದವರಲ್ಲ. ಕಂಠವೇ ಎಲ್ಲ ಎನ್ನುವವರ ಕಿವಿಯ ಯೋಗ್ಯತೆ ಇಷ್ಟು.

ಈ ಊರಿನ ಮರ್ಯಾದೆಯೂ ಅಷ್ಟಕ್ಕಷ್ಟೇ. ಎಗ್ಲಿಂಟನ್ ವೆಸ್ಟ್‌ನ ಲಿಟಲ್ ಜಮೈಕಾವನ್ನು ರೈಲಿಗೆಂದು 2011ರಿಂದ ಅಗೆಯತೊಡಗಿದರು. ವರ್ಷಗಟ್ಟಲೆ ಧೂಳು ಕುಡಿದ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು. ನಡುವೆ 2015ರಲ್ಲಿ ಓಕ್‌ವುಡ್ ಬಳಿಯ ಒಂದು ಗಲ್ಲಿಗೆ 'ರೆಗೆ ಲೇನ್' ಎಂದು ಹೆಸರಿಟ್ಟು ಗೋಡೆಗೆ ಚಿತ್ರ ಬರೆಸಿ ಚಪ್ಪಾಳೆ ತಟ್ಟಿದರು.

ಮುಂದಿನ ಯುಗಾದಿ ಊಟದಲ್ಲಿ ಈ ಜಡೆಯ ಮಾತು ತೆಗೆಯುವವರಿಗೆ ನನ್ನದೊಂದೇ ಕೋರಿಕೆ. ಮೊದಲು 'ಫುಲ್ ಅಪ್' ಹಾಕಿಸಿ ಕೇಳಿ. ಅದು ಬರೀ ವಾದ್ಯದ ರೆಕಾರ್ಡು. ಹಾಡುವವನೇ ಇಲ್ಲ, ಕೂದಲು ಕಾಣುವ ಭಯವೂ ಇಲ್ಲ.