ದುಬಾರಿ ಕಾರಿಗೆ ಅಗ್ಗದ ಬಲ್ಬ್: ಕಣ್ಣು ಕುಕ್ಕೋದು ಎದುರಿನವರಿಗೆ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು ಈಗ ತಾಲ್ಲೂಕಿನ ರಸ್ತೆಗೂ ಬರ್ತಿವೆ. ಹೆಡ್‌ಲೈಟ್ ಹೋದರೆ ಮಾಲೀಕರು ಕೇಳೋದು, ‘ಇದಕ್ಕೆ ಯಾವುದಾದ್ರೂ ಹೊಂದುತ್ತಾ?’ ತೊಂದರೆ ಶುರುವಾಗೋದೇ ಅಲ್ಲಿ.

ಕ್ಸೆನಾನ್ ದೀಪದ ಡಿ1ಎಸ್, ಡಿ3ಎಸ್ ಬಲ್ಬ್‌ಗಳು ನೋಡೋಕೆ ಅವಳಿ ಮಕ್ಕಳು. ಎರಡೂ 35 ವ್ಯಾಟ್. ಆದರೆ ಮೊದಲನೆಯದು 85 ವೋಲ್ಟ್‌ನಲ್ಲಿ ಉರಿದರೆ, ಪಾದರಸವಿಲ್ಲದ ಎರಡನೆಯದಕ್ಕೆ 42 ಸಾಕು. ಬುಡದ ಕಚ್ಚು ಕೂಡ ಬೇರೆ. ಒತ್ತಿ ಕೂರಿಸೋದು ಜಾಣತನವಲ್ಲ. ಹಳೆ ಬಲ್ಬಿನ ಬುಡದಲ್ಲೇ ನಂಬರ್ ಇರುತ್ತೆ, ಅದನ್ನು ಓದಿ ತರಬೇಕು. ಹೊತ್ತಿಕೊಳ್ಳುವ ಕ್ಷಣಕ್ಕೆ 20 ಸಾವಿರ ವೋಲ್ಟ್ ದಾಟುವುದರಿಂದ ಸ್ವಿಚ್ ಆನ್ ಇಟ್ಟು ಕೈ ಹಾಕಲೇಬಾರದು.

ಎಚ್7 ಹ್ಯಾಲೊಜೆನ್ ಕಾರುಗಳ ಕಥೆ ಇನ್ನೊಂದು. ಅದರ ರಿಫ್ಲೆಕ್ಟರ್ ಲೆಕ್ಕ ಹಾಕಿರೋದು 55 ವ್ಯಾಟ್‌ನ ಸಣ್ಣ ತಂತಿ ಇರುವ ಜಾಗಕ್ಕೆ. ಅಲ್ಲಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನ ಬೈಕ್ ಸವಾರನ ಕಣ್ಣಿಗೇ ಹೊಡೆಯುತ್ತೆ. ಕಾರಿನವರಿಗೆ ಮಾತ್ರ ‘ಆಹಾ, ಎಂಥ ಬೆಳಕು!’

ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳ ಮೇಲೆ 2024ರ ಜುಲೈನಲ್ಲಿ ರಾಜ್ಯ ಪೊಲೀಸರು ಕೇಸು ಹಾಕೋಕೆ ಶುರುಮಾಡಿದ್ದರು. ದಂಡ ಬೀಳೋದು ವಾಹನದವರಿಗೆ. ಬಲ್ಬ್ ಕೊಟ್ಟ ಅಂಗಡಿಯವರೂ ಮಾರುವ ಮುನ್ನ ಗಿರಾಕಿಯ ಹಳೆ ಬಲ್ಬ್ ಕೇಳಿ ನೋಡಿದರೆ ಅರ್ಧ ರಗಳೆ ಅಲ್ಲೇ ಮುಗಿಯುತ್ತೆ.