ಮಳೆಗಾಲದ ನಾಲ್ಕು ತಿಂಗಳು ಮತ್ತು ನಮ್ಮ ಹಳೆಯ ಜೀಪು



ಹಿಮ ಬೀಳುವ ದೇಶಗಳಲ್ಲಿ ಹಳೆಯ ಪಿಕಪ್ ಗಾಡಿಗಳನ್ನು ಇಟ್ಟುಕೊಂಡವರು ಚಳಿಗಾಲ ಬರುವ ಮೊದಲೇ ಅವನ್ನು ತೊಳೆದು, ಒಣಗಿಸಿ, ಶೆಡ್ಡಿಗೆ ಸೇರಿಸಿಬಿಡುತ್ತಾರೆ. ಹಿಮ ಕರಗಿಸಲೆಂದು ಅಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ನಮ್ಮಲ್ಲಿ ಹಿಮವೂ ಇಲ್ಲ, ಉಪ್ಪೂ ಇಲ್ಲ. ಆದರೆ ಮೃಗಶಿರಾದಲ್ಲಿ ಹಿಡಿದ ಮಳೆ ಆಶ್ಲೇಷ ದಾಟಿದರೂ ಬಿಡುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಬೀಳುತ್ತದೆ. ಅವರ ಚಳಿಗಾಲ ಗಾಡಿಗೆ ಮಾಡುವ ಹಾನಿಯನ್ನೇ ನಮ್ಮ ಮಳೆಗಾಲವೂ ಮಾಡುತ್ತದೆ. ಅವರು ಮೊದಲೇ ಎಚ್ಚರ ವಹಿಸುತ್ತಾರೆ, ನಾವು ದೀಪಾವಳಿಯ ಹೊತ್ತಿಗೆ ಮೆಕ್ಯಾನಿಕ್‌ನನ್ನು ಹುಡುಕುತ್ತೇವೆ.

ನಮ್ಮ ಸದಸ್ಯರಲ್ಲಿ ಅನೇಕರ ಅಂಗಳದಲ್ಲಿ ಈಗಲೂ ಹಳೆಯ ವಿಲ್ಲೀಸ್ ಮಾದರಿಯ ಮಹೀಂದ್ರ ಜೀಪೋ, ಹಿಂದೆ ತೊಟ್ಟಿ ಕಟ್ಟಿಸಿದ ಪಿಕಪ್ಪೋ ಇದೆ. ಹಣ್ಣು ಕುಯಿಲು, ಅಡಿಕೆ ಕೊಯ್ಲುಗಳ ಕಾಲದಲ್ಲಿ ಇವುಗಳಿಗೆ ಬಿಡುವಿಲ್ಲ. ಕಡಿದಾದ ತೋಟದ ದಾರಿಯಲ್ಲಿ ಮೂಟೆ ಹೊತ್ತು ಹತ್ತುವ, ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ ಗಾಡಿ ಇಂದು ಹೊಸದಾಗಿ ಕೊಳ್ಳಲು ಸಣ್ಣ ಬೆಳೆಗಾರನಿಗೆ ಎಟುಕುವ ಬೆಲೆಯಲ್ಲಿಲ್ಲ. ಇಷ್ಟಿದ್ದರೂ ಒಂದೊಂದಾಗಿ ಇವು ಗುಜರಿಗೆ ಹೋಗುತ್ತಿವೆ. ಕೇಳಿದರೆ, 'ತಳ ಹೋಯಿತು ಸ್ವಾಮಿ, ಇನ್ನೇನು ಮಾಡುವುದು' ಎನ್ನುತ್ತಾರೆ. ತಳ ತಾನಾಗಿ ಹೋಗಲಿಲ್ಲ. ಸುಮ್ಮನೆ ನಿಂತಿದ್ದ ನಾಲ್ಕು ತಿಂಗಳಲ್ಲಿ ನಾವೇ ಕಳೆದೆವು. ದುಡಿದು ಸವೆದ ಜೀಪಿಗಿಂತ ನಿಂತು ಕೆಟ್ಟ ಜೀಪುಗಳೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ನಾನು ಬುದ್ಧಿವಂತಿಕೆಯಿಂದ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ. ನಮ್ಮ ತಂದೆಯವರು ಕೊಂಡ 1974ರ ಪೆಟ್ರೋಲ್ ಜೀಪನ್ನು ಒಂದು ವರ್ಷ ನಾನು ಬಹಳ ಮುತುವರ್ಜಿಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ನೆಲದವರೆಗೆ ಬಿಗಿದು, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆ. ಅಕ್ಟೋಬರಿನಲ್ಲಿ ಬಿಚ್ಚಿದಾಗ ಒಳಗೆಲ್ಲ ಬೂಷ್ಟು. ಬ್ರೇಕ್ ಲೈನರು ಡ್ರಮ್ಮಿಗೆ ಕಚ್ಚಿಕೊಂಡಿತ್ತು, ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿತ್ತು, ಏರ್ ಫಿಲ್ಟರಿನ ಕೊಳವೆಯಲ್ಲಿ ಇಲಿ ಸಂಸಾರ ಹೂಡಿತ್ತು. ಸೀಟಿನ ಕೆಳಗಿನ ತಗಡನ್ನು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು. ಆ ಸಲದ ಮೊದಲ ಕುಯಿಲಿನ ಹಣ್ಣನ್ನು ಬಾಡಿಗೆ ಗಾಡಿಯಲ್ಲಿ ಸಾಗಿಸಿದೆ.

ತಪ್ಪು ಎಲ್ಲಿ? ಮೊದಲನೆಯದು ಆ ಪ್ಲಾಸ್ಟಿಕ್ಕು. ಗಾಳಿಯ ತೇವ ಸುಮಾರು ಶೇಕಡಾ 60 ಮೀರಿದರೆ ಕಬ್ಬಿಣ ಬೇಗ ಬೇಗ ತುಕ್ಕು ಹಿಡಿಯುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಬಿಗಿಯಾಗಿ ಸುತ್ತಿದ ಗಾಡಿಯ ಕೆಳಗೆ ನೆಲದ ಹಸಿ ಆವಿಯಾಗಿ ಏರಿ, ರಾತ್ರಿ ತಣ್ಣಗಾದ ತಗಡಿನ ಮೇಲೆ ಬೆವರಿನಂತೆ ಕೂರುತ್ತದೆ. ಹೊರಗಿನ ಮಳೆ ತಪ್ಪಿಸಿ ಒಳಗೊಂದು ಮಳೆ ತರಿಸಿದಂತಾಯಿತು. ಗಾಡಿಗೆ ಬೇಕಾದದ್ದು ಮೇಲೆ ಸೂರು, ಸುತ್ತ ಗಾಳಿ. ನಾಲ್ಕು ಕಂಬ, ಅಡಿಕೆ ದಬ್ಬೆ, ಮೇಲೊಂದು ಶೀಟು ಇದ್ದರೂ ಸಾಕು. ಹೊದಿಸಲೇಬೇಕೆಂದಿದ್ದರೆ ಹತ್ತಿಯ ಬಟ್ಟೆ ಹೊದಿಸಿ, ಕೆಳಗೆ ಸಡಿಲ ಬಿಡಿ.

ಎರಡನೆಯದು, ತೊಟ್ಟಿಯನ್ನು ತೊಳೆಯದೆ ನಿಲ್ಲಿಸುವುದು. ಇದು ನಮ್ಮ ಬೆಳೆಗಾರರದ್ದೇ ವಿಶೇಷ ತಪ್ಪು. ಮಳೆ ಹಿಡಿಯುವ ಮುನ್ನ ಕೊನೆಯದಾಗಿ ಜೀಪಿನಲ್ಲಿ ಸಾಗಿಸುವುದು ಪೊಟ್ಯಾಷ್, ಯೂರಿಯಾ ಮತ್ತು ಕೊಳೆರೋಗಕ್ಕೆಂದು ತರುವ ಮೈಲುತುತ್ತ. ಪೊಟ್ಯಾಷ್ ಎಂದರೆ ಕ್ಲೋರೈಡು. ಪರದೇಶದ ರಸ್ತೆಯ ಉಪ್ಪಿಗೆ ಹತ್ತಿರದ ನಂಟ. ಇನ್ನು ಮೈಲುತುತ್ತದ ಗುಣ ನಿಮಗೆ ಗೊತ್ತೇ ಇದೆ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಲದಿದ್ದರೆ, ಅದ್ದಿದ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುತ್ತದಲ್ಲವೆ? ಆ ತಾಮ್ರ ಕೂತಷ್ಟೂ ಚಾಕುವಿನ ಕಬ್ಬಿಣ ಕರಗಿ ಹೋಗಿರುತ್ತದೆ. ಚೆಲ್ಲಿದ ತುತ್ತದ ಪುಡಿ ತೊಟ್ಟಿಯ ಮೂಲೆಯಲ್ಲಿ ಹಸಿಯಾಗಿ ಕುಳಿತರೆ ನಾಲ್ಕು ತಿಂಗಳೂ ಅದೇ ಪರೀಕ್ಷೆ ನಡೆಯುತ್ತಿರುತ್ತದೆ. ಆದ್ದರಿಂದ ಮೇ ಕೊನೆಯಲ್ಲಿ, ಬಿಸಿಲಿರುವಾಗಲೇ, ತೊಟ್ಟಿ, ಚಾಸಿಯ ಸಂದು, ಮಡ್‌ಗಾರ್ಡಿನ ಒಳಭಾಗಗಳನ್ನು ನೀರು ಬಿಟ್ಟು ತೊಳೆದು, ಕೆಸರಿನ ಉಂಡೆಗಳನ್ನು ಕಿತ್ತು, ಎರಡು ದಿನ ಒಣಗಿಸಿ. ತುಕ್ಕು ಕಂಡಲ್ಲಿ ಉಜ್ಜಿ ರೆಡಾಕ್ಸೈಡ್ ಬಳಿಯಿರಿ. ತಳಕ್ಕೆ ಹಳೆಯ ಇಂಜಿನ್ ಆಯಿಲ್ ಹೊಡೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅದರಲ್ಲೇ ಆಮ್ಲದ ಅಂಶವಿರುತ್ತದೆ, ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಕೊನೆಗೆ ತೊಟ್ಟಿಕ್ಕಿ ನಮ್ಮ ಮಣ್ಣಿಗೇ ಸೇರುತ್ತದೆ.

ಅದೇ ಕಾರಣಕ್ಕೆ ಇಂಜಿನ್ ಆಯಿಲನ್ನು ಗಾಡಿ ನಿಲ್ಲಿಸುವ ಮೊದಲು ಬದಲಿಸಬೇಕು, ತೆಗೆಯುವಾಗ ಅಲ್ಲ. ಕಪ್ಪಾದ ಆಯಿಲಿನಲ್ಲಿ ನಾಲ್ಕು ತಿಂಗಳು ಬೇರಿಂಗುಗಳನ್ನು ನೆನೆಹಾಕಿ, ಆಮೇಲೆ ಹೊಸ ಆಯಿಲ್ ಸುರಿದು ಪ್ರಯೋಜನವೇನು?

ಪೆಟ್ರೋಲ್ ಜೀಪಿನವರು ಇನ್ನೊಂದು ವಿಷಯ ಗಮನಿಸಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಹಳೆಯ ಪಂಪಿನ ಡಯಾಫ್ರಮ್ಮು, ಹೋಸುಗಳು ಇದಕ್ಕೆಂದು ಮಾಡಿದವಲ್ಲ. ಅವನ್ನು ಎಥೆನಾಲ್ ತಡೆಯುವ ಹೊಸ ಮಾಲಿಗೆ ಬದಲಿಸಿಕೊಳ್ಳಿ. ನಿಲ್ಲಿಸುವಾಗ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ. ಒಳಗೆ ಗಾಳಿಗೆ ಜಾಗವಿಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ. ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನು ಖಾಲಿ ಮಾಡಿ. ಡೀಸೆಲ್ ಗಾಡಿಗೂ ಟ್ಯಾಂಕು ತುಂಬಿಸುವುದೇ ಸರಿ, ಫಿಲ್ಟರಿನ ತಳದ ನೀರನ್ನು ಬಿಟ್ಟುಬಿಡಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸಾಧ್ಯವಾದರೆ ಬ್ಯಾಟರಿಯನ್ನೇ ಒಣ ಜಾಗಕ್ಕೆ ಒಯ್ದು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪೂರ್ತಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟುಗಳಿಗೆ ಬಿಳಿ ಸಲ್ಫೇಟು ಕಟ್ಟಿ ಮತ್ತೆ ಏಳುವುದಿಲ್ಲ. ಹ್ಯಾಂಡ್ ಬ್ರೇಕ್ ಬಿಡಿ, ಚಕ್ರಕ್ಕೆ ಮರದ ಅಡೆ ಕೊಡಿ. ಕ್ಲಚ್ ಪೆಡಲನ್ನು ಒತ್ತಿ, ಸೀಟಿಗೆ ಆನಿಸಿ ಒಂದು ಕೋಲು ಸಿಕ್ಕಿಸಿ. ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಬಾಯಿಗೂ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿ.

ಇಲ್ಲಿ ಕೆಲವರು ನನ್ನೊಡನೆ ವಾದಕ್ಕೆ ಬರುತ್ತಾರೆ. 'ನಾವು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇವೆ, ಇಷ್ಟೆಲ್ಲ ಏಕೆ' ಎಂಬುದು ಅವರ ಪ್ರಶ್ನೆ. ಆ ಐದು ನಿಮಿಷದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನ್ ಪೂರ್ತಿ ಬಿಸಿಯಾದರೆ ಆ ನೀರು ಹೊರಹೋಗುತ್ತದೆ. ಐದು ನಿಮಿಷದಲ್ಲಿ ನಿಲ್ಲಿಸಿದರೆ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಸ್ಟಾರ್ಟರ್ ಎಳೆದುಕೊಂಡ ಕರೆಂಟು ಬ್ಯಾಟರಿಗೆ ಮರಳಿ ಬಂದಿರುವುದೂ ಇಲ್ಲ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವಾದರೆ ಮುಟ್ಟಬೇಡಿ.

ಕಾಗದ ಪತ್ರದ ಮಾತೂ ಒಂದಿದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿಸಲಾಯಿತು. ಐವತ್ತು ವರ್ಷ ದಾಟಿದವಕ್ಕೆ 2021ರ ನಿಯಮದಂತೆ 'ವಿಂಟೇಜ್' ನೋಂದಣಿಯ ದಾರಿ ಇದೆಯಾದರೂ, ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಮೂಟೆ ಹೊರುವ ಜೀಪಿಗೆ ಆ ಗೌರವ ಬೇಡ. ಇಷ್ಟು ಶುಲ್ಕ ಕಟ್ಟಿ ಉಳಿಸಿಕೊಳ್ಳುವ ಗಾಡಿ ತಪಾಸಣೆಯ ದಿನ ತಳವಿಲ್ಲದೆ ನಿಂತರೆ ಕಟ್ಟಿದ್ದೆಲ್ಲ ವ್ಯರ್ಥ.

ಕೊನೆಗೆ ಒಂದು ಸಲಹೆ. ಸೂರಿಲ್ಲದ ಸದಸ್ಯರು ಸಂಘದ ಗೋಡೌನಿನಲ್ಲಿ ಜೀಪು ನಿಲ್ಲಿಸಲು ಅವಕಾಶ ಕೇಳುತ್ತಿದ್ದಾರೆ. ಕಾರ್ಯದರ್ಶಿಯಾಗಿ ನಾನು ಅದಕ್ಕೆ ಒಪ್ಪಲಾರೆ. ಕಾಫಿ ಪೆಟ್ರೋಲಿನ ವಾಸನೆಯನ್ನು ಹೀರುತ್ತದೆ, ಬೆಂಕಿಯ ಭಯ ಬೇರೆ; ಗೊಬ್ಬರದ ಗೋಡೌನಂತೂ ಜೀಪಿಗೇ ಶತ್ರು. ಅದರ ಬದಲು ಸಂಘದ ಅಂಗಳದ ಪಕ್ಕದಲ್ಲಿ ಗೋಡೆಯಿಲ್ಲದ ಒಂದು ಶೀಟಿನ ಚಪ್ಪರ ಹಾಕಿ, ಒಂದು ಬ್ಯಾಟರಿ ಚಾರ್ಜರು, ಒಂದು ಹೈಡ್ರೋಮೀಟರು ಇಟ್ಟು, ಬಳಸುವವರಿಂದಲೇ ತಿಂಗಳ ಬಾಡಿಗೆ ಪಡೆಯಬಹುದು. ಜೀಪಿಲ್ಲದ ಸದಸ್ಯರ ಮೇಲೆ ಇದರ ಹೊರೆ ಬೀಳಬಾರದು. ಕುಯಿಲು ಕಾಲದಲ್ಲಿ ಅದೇ ಚಪ್ಪರ ತೂಕಕ್ಕೆ ಕಾಯುವ ಮೂಟೆಗಳಿಗೆ ನೆರಳಾಗುತ್ತದೆ. ಇದು ನನ್ನ ಸ್ವಂತ ಅಭಿಪ್ರಾಯ. ಆಡಳಿತ ಮಂಡಳಿ ಇನ್ನೂ ತೀರ್ಮಾನಿಸಿಲ್ಲ. ಮುಂದಿನ ಮಹಾಸಭೆಯಲ್ಲಿ ವಿಷಯ ಮಂಡಿಸುವವನಿದ್ದೇನೆ. ಬೇಕೆನ್ನುವವರೂ ಬೇಡವೆನ್ನುವವರೂ ಬಂದು ಮಾತನಾಡಬೇಕು.

ಚಪ್ಪರ ಆಗಲಿ ಬಿಡಲಿ, ಈ ಸಲ ಮೃಗಶಿರಾ ಹಿಡಿಯುವ ಮುನ್ನ ತೊಟ್ಟಿಯನ್ನಾದರೂ ತೊಳೆದಿಡಿ.