‘ಅಬ್ಬಾ’ದವರು ಸ್ಪ್ಯಾನಿಷ್ ಕಲಿತದ್ದೇಕೆ?



ಹೋದ ವಾರ ನನ್ನ ಪ್ರೆಸ್ಸಿಗೆ ಕಾಲೇಜು ಹುಡುಗನೊಬ್ಬ ಬಂದಿದ್ದ. ಅವನೂ ಅವನ ಮೂವರು ಗೆಳೆಯರೂ ಸೇರಿ ಹಾಡಿನ ತಂಡ ಕಟ್ಟಿದ್ದಾರೆ. ಕಾರ್ಯಕ್ರಮಕ್ಕೆ ಪೋಸ್ಟರ್ ಆಗಬೇಕಿತ್ತು. ತಂದ ಮ್ಯಾಟರಿನಲ್ಲಿ ತಂಡದ ಹೆಸರು, ಜಾಗ, ಹೊತ್ತು ಎಲ್ಲವೂ ಇಂಗ್ಲಿಷ್. ಹುಡುಕಿದರೂ ಒಂದು ಕನ್ನಡ ಅಕ್ಷರವಿಲ್ಲ. ‘ಯಾಕಪ್ಪಾ, ಕೇಳೋಕೆ ಬರೋರಲ್ಲಿ ಕನ್ನಡದವರು ಯಾರೂ ಇಲ್ವಾ?’ ಅಂದೆ. ‘ಸಂಗೀತಕ್ಕೆ ಭಾಷೆ ಇಲ್ಲ ಅಂಕಲ್’ ಅಂದುಬಿಟ್ಟ! ಯಾವ ಹಾಡು ಹಾಡ್ತೀರಿ ಅಂತ ನೋಡಿದರೆ ಪಟ್ಟಿಯಲ್ಲಿ ‘ಅಬ್ಬಾ’ ತಂಡದ ‘ಚಿಕಿಟೀಟಾ’ ಇತ್ತು.

ನನಗೆ ನಗು ತಡೆಯಲಿಲ್ಲ. ಸಂಗೀತಕ್ಕೆ ಭಾಷೆ ಇಲ್ಲ ಅನ್ನುವವರು ಯಾವ ಹಾಡನ್ನಾದರೂ ಮುಟ್ಟಬಾರದು ಅಂತಿದ್ದರೆ ಅದು ಇದೇ ಹಾಡು.

ಅಬ್ಬಾ ಅಂದರೆ ನಮ್ಮ ಉದ್ಗಾರವಲ್ಲ. ಆಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್ ಎಂಬ ನಾಲ್ವರ ಹೆಸರಿನ ಮೊದಲಕ್ಷರಗಳು. ಸ್ವೀಡನ್ ದೇಶದವರು, ಮನೆಮಾತು ಸ್ವೀಡಿಷ್. ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆಯಲ್ಲಿ ಪ್ರತಿ ದೇಶವೂ ತನ್ನ ಭಾಷೆಯಲ್ಲೇ ಹಾಡಬೇಕೆಂಬ ಕಟ್ಟಳೆ 1966ರಲ್ಲಿ ಬಂತು. ಕಾರಣ ಯಾರು ಗೊತ್ತೇ? ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಹಾಡಿದ್ದ ಇದೇ ಸ್ವೀಡನ್ನಿನ ಗಾಯಕ! 1973ರಲ್ಲಿ ಆ ಕಟ್ಟಳೆ ಸಡಿಲವಾಯಿತು, 1974ರಲ್ಲಿ ಇವರು ‘ವಾಟರ್‌ಲೂ’ವನ್ನು ಇಂಗ್ಲಿಷಿನಲ್ಲಿ ಹಾಡಿ ಗೆದ್ದರು. 1977ರಲ್ಲಿ ಕಟ್ಟಳೆ ಮತ್ತೆ ಬಂತು. ಅಷ್ಟರಲ್ಲಿ ಇವರು ಲೋಕಪ್ರಸಿದ್ಧರಾಗಿದ್ದರು.

ಈಗ ‘ಚಿಕಿಟೀಟಾ’ಗೆ ಬನ್ನಿ. ನೊಂದು ಕೂತ ಗೆಳತಿಯನ್ನು ಸಮಾಧಾನ ಮಾಡುವ ನಿಧಾನದ ಹಾಡು. ನಮ್ಮಣ್ಣನ ಕ್ಯಾಸೆಟ್ಟಿನಲ್ಲಿ ಸವೆಯುವಷ್ಟು ಕೇಳಿದ್ದೇನೆ, ಸುಳ್ಳು ಹೇಳುವುದಿಲ್ಲ, ಚೆನ್ನಾಗಿದೆ. 1979ರ ಜನವರಿ 9ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಸಭಾಂಗಣದಲ್ಲಿ ಯುನಿಸೆಫ್‌ಗಾಗಿ ನಡೆದ ಸಂಗೀತ ಕಾರ್ಯಕ್ರಮದಲ್ಲಿ ಇದನ್ನು ಹಾಡಿದರು. ಅದು ಅಂತರರಾಷ್ಟ್ರೀಯ ಮಕ್ಕಳ ವರ್ಷ. ಹಾಡಿನ ರಾಯಧನದಲ್ಲಿ ಅರ್ಧ ಯುನಿಸೆಫ್‌ಗೆ ಅಂತ ಬರೆದುಕೊಟ್ಟರು. ಆ ಮಾತಿಗೆ ಕೈಮುಗಿಯೋಣ. ಒಂದು ವಾರದಲ್ಲಿ ರೆಕಾರ್ಡ್ ಬಿಡುಗಡೆಯಾಯಿತು, ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೇರಿತು.

ಹೆಸರು ಮಾತ್ರ ಸ್ಪ್ಯಾನಿಷ್. ‘ಪುಟ್ಟಿ’ ಅಂದಹಾಗೆ. ಉಳಿದದ್ದೆಲ್ಲ ಇಂಗ್ಲಿಷ್. ಸಂಗೀತಕ್ಕೆ ಭಾಷೆ ಇಲ್ಲದಿದ್ದರೆ ಇಲ್ಲಿಗೇ ಕತೆ ಮುಗಿಯಬೇಕಿತ್ತಲ್ಲ?

ಮುಗಿಯಲಿಲ್ಲ. ಅರ್ಜೆಂಟೀನಾದಲ್ಲಿ ರೆಕಾರ್ಡ್ ಕಂಪನಿಯ ಕೆಲಸದಲ್ಲಿದ್ದ ಬಡ್ಡಿ ಮೆಕ್‌ಕ್ಲಸ್ಕಿ ಮತ್ತು ಅವರ ಹೆಂಡತಿ ಮೇರಿ ಈ ಹಾಡಿಗೆ ಸ್ಪ್ಯಾನಿಷಿನಲ್ಲಿ ಮಾತು ಬರೆದರು. ಹಾಡುವ ಹೆಂಗಸರಿಬ್ಬರಿಗೂ ಸ್ಪ್ಯಾನಿಷ್ ಬಾರದು. ಉಚ್ಚಾರ ತಿದ್ದಲು ಆ ಭಾಷೆ ಬಲ್ಲ ಪತ್ರಕರ್ತೆಯೊಬ್ಬರನ್ನು ಸ್ಟುಡಿಯೋದಲ್ಲಿ ಕೂರಿಸಿಕೊಂಡು, ಒಂದೊಂದೇ ಪದ ನಾಲಿಗೆಗೆ ಹತ್ತಿಸಿಕೊಂಡು ಹಾಡಿದರು. ಲ್ಯಾಟಿನ್ ಅಮೆರಿಕದಲ್ಲಿ ಹಾಡು ಬೆಂಕಿಯಂತೆ ಹಬ್ಬಿತು. ರುಚಿ ಹತ್ತಿತು ನೋಡಿ, 1980ರಲ್ಲಿ ಹತ್ತು ಹಾಡುಗಳ ಇಡೀ ಸ್ಪ್ಯಾನಿಷ್ ಆಲ್ಬಮ್ಮನ್ನೇ ತಂದರು.

ಇದನ್ನು ಭಾಷಾಪ್ರೇಮ ಅನ್ನೋಣವೇ? ಖಂಡಿತ ಅಲ್ಲ, ಸ್ವಾಮಿ. ವ್ಯಾಪಾರ! ಶುದ್ಧ ವ್ಯಾಪಾರ. ನಾನೂ ಅಂಗಡಿ ಇಟ್ಟವನು, ನನಗೆ ಗೊತ್ತಾಗುತ್ತದೆ. ಗಿರಾಕಿ ಯಾವ ಭಾಷೆಯಲ್ಲಿ ಲಗ್ನಪತ್ರಿಕೆ ಕೇಳುತ್ತಾನೋ ಆ ಭಾಷೆಯ ಅಚ್ಚು ನಾನು ಇಟ್ಟುಕೊಳ್ಳುತ್ತೇನೆ. ಕೇಳದಿದ್ದರೆ ಇಟ್ಟುಕೊಳ್ಳುವುದಿಲ್ಲ. ಲೋಕವೇ ಮೆಚ್ಚಿದ ತಂಡ ಕೊಳ್ಳುವವನ ಭಾಷೆಗೆ ತಾನಾಗಿ ಬಗ್ಗಿತು.

ನಮ್ಮಲ್ಲೂ ಇದು ಆಗಿದೆ, ಮರೆತಿರೇನು? ಎಸ್. ಜಾನಕಿ, ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಮೂವರ ಮನೆಮಾತೂ ಕನ್ನಡವಲ್ಲ. ಕನ್ನಡ ಸಿನಿಮಾವನ್ನು ಟಿಕೆಟ್ ಕೊಟ್ಟು ನೋಡುವ ಜನವಿತ್ತು, ಅದಕ್ಕೇ ಅವರು ಕನ್ನಡ ಕಲಿತು, ನಮ್ಮ ಬಾಯಲ್ಲಿ ನಿಲ್ಲುವಂತೆ ಹಾಡಿದರು.

‘ಸ್ವೀಡನ್ನಿನವರು ಇಂಗ್ಲಿಷಿನಲ್ಲಿ ಹಾಡಿದರಲ್ಲ, ಅವರ ಭಾಷೆ ಸತ್ತುಹೋಯಿತೇ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಾಯಲಿಲ್ಲ. ಅಲ್ಲಿ ಶಾಲೆ, ಕಚೇರಿ, ಅಂಗಡಿ ಎಲ್ಲ ಸ್ವೀಡಿಷಿನಲ್ಲೇ ನಡೆಯುತ್ತವೆ. ಆದರೂ ಸಾಲದೆಂದು 2009ರಲ್ಲಿ ಸ್ವೀಡಿಷೇ ದೇಶದ ಮುಖ್ಯ ಭಾಷೆ ಎಂದು ಕಾನೂನು ಮಾಡಿಕೊಂಡರು. ಬೆನ್ನಿ, ಬ್ಯೋರ್ನ್ ಇಬ್ಬರೂ 1995ರಲ್ಲಿ ತಮ್ಮ ದೊಡ್ಡ ಸಂಗೀತ ನಾಟಕವನ್ನು ಬರೆದದ್ದು ಸ್ವೀಡಿಷಿನಲ್ಲಿ. ಆ ದೇಶದ ಜನಸಂಖ್ಯೆ ಇವತ್ತಿಗೂ ಒಂದು ಕೋಟಿಯ ಆಸುಪಾಸು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ! ಇಷ್ಟು ಜನ ಇಟ್ಟುಕೊಂಡು ನಮ್ಮೂರಿನ ಕಾರ್ಯಕ್ರಮದ ಪೋಸ್ಟರಿನಲ್ಲಿ ಒಂದು ಸಾಲು ಕನ್ನಡಕ್ಕೆ ಜಾಗವಿಲ್ಲವೆಂದರೆ ಅದು ಭಾಷೆಯ ಬಡತನವಲ್ಲ, ಕೇಳುವ ಬಾಯಿಯ ಬಡತನ.

ಗೆಳೆಯರೇ, ಇಂಗ್ಲಿಷ್ ಹಾಡು ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ನಾನೇ ಕೇಳುತ್ತೇನೆ. ಆದರೆ ಹಾಡು ಹಾಕುವವನನ್ನು, ಮಾರುವವನನ್ನು, ಕಾರ್ಯಕ್ರಮ ನಡೆಸುವವನನ್ನು ನೀವು ಯಾವತ್ತಾದರೂ ‘ಕನ್ನಡದ್ದು ಯಾವುದಿದೆ?’ ಎಂದು ಕೇಳಿದ್ದೀರಾ? ಬ್ಯೂನಸ್ ಐರಿಸ್‌ನ ಹುಡುಗರು ಸ್ಪ್ಯಾನಿಷಿನ ಹಾಡು ಕೊಂಡರು, ಅದಕ್ಕೇ ಸ್ಟಾಕ್‌ಹೋಮಿನಲ್ಲಿ ಸ್ಪ್ಯಾನಿಷ್ ಪಾಠ ನಡೆಯಿತು.

ಆ ಹುಡುಗನ ಪೋಸ್ಟರ್ ಇನ್ನೂ ನನ್ನ ಪ್ರೆಸ್ಸಿನಲ್ಲೇ ಇದೆ, ಪ್ರಿಂಟಿಗೆ ಹೋಗಿಲ್ಲ. ತಂಡದ ಹೆಸರನ್ನು ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಡ್ತೀನಿ, ಅದಕ್ಕೆ ಬೇರೆ ಕಾಸು ಬೇಡ ಅಂದಿದ್ದೇನೆ. ‘ಹುಡುಗರನ್ನ ಕೇಳಿ ಹೇಳ್ತೀನಿ ಅಂಕಲ್’ ಅಂದು ಹೋಗಿದ್ದಾನೆ.